ಪಾರ್ಕಿನಲ್ಲಿ ಮೆಟಲ್ ಡಿಟೆಕ್ಟರ್: ನಿಷೇಧ ಸಡಿಲಿಸಿಕೊಂಡ ನಮ್ಮ ಅನುಭವ

ಕ್ಯಾಲಿಫೋರ್ನಿಯಾದ ಒಂದು ಮಧ್ಯಮ ಗಾತ್ರದ ಊರು. ಅಲ್ಲಿನ ಪಾರ್ಕುಗಳಲ್ಲಿ ಮೆಟಲ್ ಡಿಟೆಕ್ಟರ್, ಅಂದರೆ ನೆಲದಡಿಯ ಲೋಹವನ್ನು ಸದ್ದು ಮಾಡಿ ತೋರಿಸುವ ಕೈಯಂತ್ರ, ಬಳಸುವುದಕ್ಕೆ ಪೂರ್ತಿ ನಿಷೇಧವಿತ್ತು. ಈಗ ಪಟ್ಟಿ ಮಾಡಿದ ಕೆಲವು ಪಾರ್ಕುಗಳಲ್ಲಿ ವರ್ಷಕ್ಕೊಮ್ಮೆ ಪರವಾನಗಿ ಪಡೆದು ಹುಡುಕಬಹುದು. ಹವ್ಯಾಸಿಗಳ ಒಂದು ಸಣ್ಣ ಗುಂಪು ಹದಿನಾಲ್ಕು ತಿಂಗಳು ಓಡಾಡಿ ಮಾಡಿಸಿಕೊಂಡ ಬದಲಾವಣೆ ಇದು. ಕೋರ್ಟು ಹತ್ತಲಿಲ್ಲ, ಗಲಾಟೆಯನ್ನೂ ಮಾಡಲಿಲ್ಲ. ಹೇಗೆ ಮಾಡಿದಿರಿ ಎಂದು ಬೇರೆ ಊರುಗಳ ಕನ್ನಡಿಗರು ಕೇಳುತ್ತಿರುವುದರಿಂದ ಒಂದೊಂದಾಗಿ ಬರೆಯುತ್ತಿದ್ದೇವೆ.

ಮೊದಲೇ ಹೇಳಿಬಿಡಬೇಕಾದ ಮಾತೊಂದಿದೆ. ಪಾರ್ಕ್ ಇಲಾಖೆಗೆ ಯಂತ್ರದ ಮೇಲೆ ಸಿಟ್ಟಿಲ್ಲ, ಅವರಿಗೆ ಭಯ ಇರುವುದು ಗುಂಡಿಯ ಬಗ್ಗೆ. ಬೆಳಿಗ್ಗೆ ಆರಕ್ಕೆ ಹುಲ್ಲು ಕತ್ತರಿಸಲು ಬರುವ ಮಾಲಿಗೆ ಕಾಣುವುದು ಒಣಗಿದ ಹೆಂಟೆ (ಹುಲ್ಲು, ಬೇರಿನ ಸಮೇತ ಕತ್ತರಿಸಿ ಎತ್ತಿದ ಮಣ್ಣಿನ ತುಂಡು), ಕೆದರಿದ ಮಣ್ಣು, ತೂತಾದ ನೀರಿನ ಪೈಪು. ನಮ್ಮ ಹಕ್ಕಿನ ಬಗ್ಗೆ ಎಷ್ಟೇ ಚೆನ್ನಾಗಿ ಮಾತಾಡಿದರೂ ಆ ಹೆಂಟೆಗೆ ಉತ್ತರ ಕೊಡದಿದ್ದರೆ ಕೆಲಸ ಮುಂದೆ ಹೋಗುವುದಿಲ್ಲ. ಇದು ನಮಗೆ ಅರ್ಥವಾಗುವ ಹೊತ್ತಿಗೆ ಐದು ತಿಂಗಳು ಕಳೆದಿದ್ದವು.

ಕನ್ನಡದಲ್ಲಿ ಈ ವಿಷಯ ಎತ್ತಿದ ಕೂಡಲೇ ‘ನಿಧಿ’ ಎಂಬ ಮಾತು ಬರುತ್ತದೆ, ಅದರ ಹಿಂದೆಯೇ ದೇವಸ್ಥಾನದ ಗರ್ಭಗುಡಿ ಅಗೆಯುವ ನಿಧಿಗಳ್ಳರ ನೆನಪೂ ಬರುತ್ತದೆ. ಇಲ್ಲಿ ಹೇಳುತ್ತಿರುವುದು ಅದಲ್ಲ. ಪಿಕ್‌ನಿಕ್ ಮೇಜಿನ ಕೆಳಗೆ ಜೇಬಿನಿಂದ ಬಿದ್ದ ಚಿಲ್ಲರೆ, ಮಕ್ಕಳು ಆಡುವಾಗ ಕಳೆದ ಕಿವಿಯೋಲೆ, ಫ್ರಿಸ್ಬೀ ಎಸೆಯುವಾಗ ಬೆರಳಿನಿಂದ ಜಾರಿದ ಮದುವೆ ಉಂಗುರ ಇವೇ ನಮಗೆ ಸಿಗುವುದು. ಅಮೆರಿಕದ ಡೈಮ್ (10 ಸೆಂಟ್) ಮತ್ತು ಕ್ವಾರ್ಟರ್ (25 ಸೆಂಟ್) ನಾಣ್ಯಗಳಲ್ಲಿ 1964ರವರೆಗೆ ಶೇ. 90 ಬೆಳ್ಳಿ ಇರುತ್ತಿತ್ತು. ಹಳೆಯ ಪಾರ್ಕಿನಲ್ಲಿ ಅಂಥದೊಂದು ಸಿಕ್ಕಿದರೆ ಆ ದಿನ ಹಬ್ಬ. ಉಳಿದಂತೆ ಸಿಗುವುದೆಲ್ಲ ಸೋಡಾ ಡಬ್ಬಿಯ ಕಿವಿ, ಬಾಟಲಿ ಮುಚ್ಚಳ ಮತ್ತು 1982ರ ನಂತರದ ಸತುವಿನ ಪೆನ್ನಿ (ಒಂದು ಸೆಂಟ್ ನಾಣ್ಯ). ಈ ಪೆನ್ನಿ ಮಣ್ಣಿನಲ್ಲಿ ಕೆಲವೇ ವರ್ಷಗಳಲ್ಲಿ ಅಂಚು ತಿಂದುಹೋಗಿ ಬಿಸ್ಕತ್ತಿನ ಹಾಗೆ ಆಗಿರುತ್ತದೆ.

ಊರಿಗೆ ರಜೆಯಲ್ಲಿ ಹೋಗುವಾಗ ಡಿಟೆಕ್ಟರ್ ಒಯ್ಯಬೇಡಿ. ಕರ್ನಾಟಕದಲ್ಲಿ ನಿಧಿಗೆ 1962ರ ಪ್ರತ್ಯೇಕ ಕಾಯ್ದೆ ಇದೆ, ಪುರಾತನ ವಸ್ತುಗಳಿಗೆ ಕೇಂದ್ರದ 1972ರ ಕಾಯ್ದೆ ಇದೆ, ಸಂರಕ್ಷಿತ ಸ್ಮಾರಕಗಳಿಗೆ 1958ರ ಕಾಯ್ದೆ ಇದೆ. ಹಂಪಿಯ ಬಯಲಿನಲ್ಲಿ ಕಾಯಿಲ್ (ಡಿಟೆಕ್ಟರಿನ ತುದಿಯ ತಟ್ಟೆ) ಬೀಸುವುದು ಹವ್ಯಾಸವಲ್ಲ, ಅಪರಾಧ. ಈ ಬರಹದ ಯಾವ ಸಾಲೂ ಅಲ್ಲಿಗೆ ಅನ್ವಯಿಸುವುದಿಲ್ಲ.

ನೆಲ ಯಾರದು, ನಿಷೇಧ ಎಲ್ಲಿ ಬರೆದಿದೆ

ಅಮೆರಿಕದಲ್ಲಿ ‘ಪಾರ್ಕ್’ ಎಂಬ ಒಂದೇ ಪದದ ಕೆಳಗೆ ನಾಲ್ಕು ಬೇರೆ ಬೇರೆ ಒಡೆಯರಿದ್ದಾರೆ. ಯಾರ ನೆಲ ಎಂದು ಗೊತ್ತಾಗದೆ ವಾದಕ್ಕೆ ಇಳಿಯಬಾರದು.

ನ್ಯಾಷನಲ್ ಪಾರ್ಕ್ ಆದರೆ ಅಲ್ಲಿಗೇ ಬಿಟ್ಟುಬಿಡಿ. ಫೆಡರಲ್ ನಿಯಮಾವಳಿಯ 36ನೇ ಸಂಪುಟದ 2.1ನೇ ಕಲಮು ಡಿಟೆಕ್ಟರ್ ಬಳಸುವುದನ್ನಷ್ಟೇ ಅಲ್ಲ, ಇಟ್ಟುಕೊಳ್ಳುವುದನ್ನೂ ನಿಷೇಧಿಸುತ್ತದೆ. ಪಾರ್ಕಿನ ಮೂಲಕ ಕಾರಿನಲ್ಲಿ ಹಾದುಹೋಗುವುದಾದರೆ ಬಿಚ್ಚಿ, ಬಳಸಲು ಬಾರದಂತೆ ಕಟ್ಟಿ ಇಟ್ಟಿರಬೇಕು. ಅಮೆರಿಕ ಸೇನೆಯ ಎಂಜಿನಿಯರಿಂಗ್ ವಿಭಾಗವಾದ ಆರ್ಮಿ ಕೋರ್ ಆಫ್ ಎಂಜಿನಿಯರ್ಸ್ ನೋಡಿಕೊಳ್ಳುವ ಜಲಾಶಯಗಳ ಕಥೆ ಬೇರೆ. ಅದೇ ಸಂಪುಟದ 327.14ನೇ ಕಲಮಿನ ಪ್ರಕಾರ ಗುರುತಿಸಿದ ಬೀಚುಗಳಲ್ಲೂ ಮೊದಲೇ ಅಗೆದು ಕದಡಿದ ಜಾಗಗಳಲ್ಲೂ ಡಿಟೆಕ್ಟರ್‌ಗೆ ಅನುಮತಿ ಇದೆ. ಪುರಾತತ್ವದ ಕಾರಣಕ್ಕೆ ಅಲ್ಲಿನ ಅಧಿಕಾರಿ ಮುಚ್ಚಿದ್ದರೆ ಮಾತ್ರ ಇಲ್ಲ. ಈ ಕಲಮನ್ನು ಗುರುತು ಹಾಕಿ ಇಟ್ಟುಕೊಳ್ಳಿ. ನಗರದವರ ಮುಂದೆ ಮಾದರಿಯಾಗಿ ಇಡಲು ಇದಕ್ಕಿಂತ ಗಟ್ಟಿಯಾದದ್ದು ಸಿಗುವುದು ಕಷ್ಟ, ಏಕೆಂದರೆ ಬರೆದದ್ದು ಸರ್ಕಾರವೇ.

ಮೂರನೆಯದು ರಾಜ್ಯದ ಪಾರ್ಕು, ನಾಲ್ಕನೆಯದು ನಗರ ಅಥವಾ ಕೌಂಟಿಯದು. ನಾವು ಕೈ ಹಾಕಿದ್ದು ನಗರದ್ದಕ್ಕೆ ಮಾತ್ರ. ಒಂದು ಊರಿನ ಜನಕ್ಕೆ ಬದಲಿಸಲು ಸಾಧ್ಯವಿರುವುದೂ ಅದೊಂದೇ.

ಇಲ್ಲಿ ಹವ್ಯಾಸಿಗಳು ಪದೇ ಪದೇ ಮಾಡುವ ತಪ್ಪೊಂದಿದೆ. 1979ರ ಪುರಾತತ್ವ ಸಂಪನ್ಮೂಲ ರಕ್ಷಣಾ ಕಾಯ್ದೆಯನ್ನು ಹಿಡಿದುಕೊಂಡು, ನೂರು ವರ್ಷಕ್ಕಿಂತ ಹೊಸ ನಾಣ್ಯ ತೆಗೆಯುವುದಕ್ಕೆ ಅಡ್ಡಿಯಿಲ್ಲ ಎಂದು ನಗರಸಭೆಯಲ್ಲಿ ವಾದಿಸುತ್ತಾರೆ. ಆ ಕಾಯ್ದೆ ಫೆಡರಲ್ ನೆಲಕ್ಕೆ ಮತ್ತು ಮೂಲನಿವಾಸಿಗಳ ನೆಲಕ್ಕೆ ಸಂಬಂಧಿಸಿದ್ದು, ನಗರದ ಪಾರ್ಕಿಗೆ ಅದು ಬರುವುದೇ ಇಲ್ಲ. ನಗರದ ವಕೀಲರು ಒಂದೇ ವಾಕ್ಯದಲ್ಲಿ ಇದನ್ನು ಹೇಳಿ ಕೂರಿಸಿಬಿಡುತ್ತಾರೆ, ಆಮೇಲೆ ನಿಮ್ಮ ಉಳಿದ ಮಾತಿಗೂ ಬೆಲೆ ಇರುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ನಗರದ ನೆಲಕ್ಕೂ ಅನ್ವಯಿಸುವುದು ರಾಜ್ಯದ ಪಬ್ಲಿಕ್ ರಿಸೋರ್ಸಸ್ ಕೋಡಿನ 5097.5ನೇ ಕಲಮು. ಸಾರ್ವಜನಿಕ ನೆಲದಲ್ಲಿರುವ ಪುರಾತತ್ವದ ತಾಣವನ್ನು ಅನುಮತಿಯಿಲ್ಲದೆ ಅಗೆಯುವುದನ್ನು ಅದು ತಡೆಯುತ್ತದೆ. ಇದನ್ನು ನಾವೇ ಮೊದಲು ಎತ್ತಿ, ಇದನ್ನು ಒಪ್ಪಿಕೊಂಡೇ ಮಾತಾಡುತ್ತಿದ್ದೇವೆ ಎಂದು ಬರೆದು ಕೊಟ್ಟೆವು.

ಇನ್ನು ನಗರದ ಕಾನೂನು ಪುಸ್ತಕ. ಇದು ಸಾಮಾನ್ಯವಾಗಿ ಅಂತರ್ಜಾಲದಲ್ಲೇ ಇರುತ್ತದೆ. ‘ಮೆಟಲ್ ಡಿಟೆಕ್ಟರ್’ ಎಂದಷ್ಟೇ ಹುಡುಕಿದರೆ ಸಾಲದು. ಅಗೆತ, ಹುಲ್ಲುಹಾಸು, ಮಣ್ಣು ತೆಗೆಯುವುದು, ಕಳೆದುಹೋದ ವಸ್ತು ಎಂಬರ್ಥದ ಇಂಗ್ಲಿಷ್ ಪದಗಳನ್ನೂ ಹಾಕಿ ನೋಡಬೇಕು. ಎಷ್ಟೋ ಊರುಗಳಲ್ಲಿ ಡಿಟೆಕ್ಟರ್ ಹೆಸರೇ ಇಲ್ಲದೆ, ‘ಯಾರೂ ಹುಲ್ಲು ಅಥವಾ ಮಣ್ಣನ್ನು ಕದಲಿಸಬಾರದು’ ಎಂಬ ಸಾಲಿನ ಕೆಳಗೆ ನಿಮ್ಮನ್ನು ನಿಲ್ಲಿಸಿರುತ್ತಾರೆ.

ಸಿಕ್ಕಿದ ನಿಷೇಧ ಯಾವ ತೂಕದ್ದು ಎಂದು ನೋಡುವುದು ಮುಂದಿನ ಕೆಲಸ. ನಗರಸಭೆ ಓಟು ಹಾಕಿ ಮಾಡಿದ ಬೈಲಾ ಒಂದು ಬಗೆ. ಬೈಲಾ ಕೊಟ್ಟ ಅಧಿಕಾರದಲ್ಲಿ ಪಾರ್ಕ್ ನಿರ್ದೇಶಕರು ಬರೆದ ನಿಯಮ ಇನ್ನೊಂದು ಬಗೆ. ಹಿಂದೆ ಯಾವ ಕಾಗದವೂ ಇಲ್ಲದೆ ಕಂಬಕ್ಕೆ ಹೊಡೆದ ಬೋರ್ಡು ಮೂರನೆಯದು. ಬೋರ್ಡು ಮಾತ್ರ ಇದ್ದರೆ ನಿರ್ದೇಶಕರಿಗೆ ಒಂದು ಪತ್ರ ಸಾಕಾಗಬಹುದು. ನಿಯಮವಾದರೆ ಪಾರ್ಕ್ ಕಮಿಷನ್ನಿನ (ಪಾರ್ಕುಗಳ ವಿಷಯ ನೋಡುವ ನಗರದ ಸಮಿತಿ) ಮಟ್ಟದಲ್ಲಿ ಮುಗಿಯಬಹುದು. ಬೈಲಾ ಆದರೆ ನಗರಸಭೆಯವರೆಗೂ ನಡೆಯಲೇಬೇಕು. ನಮ್ಮದು ಬೈಲಾ.

ಕಲಮಿನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಬೈಲಾದ ಸಂಖ್ಯೆಯೂ ವರ್ಷವೂ ಇರುತ್ತವೆ. ಹೆಚ್ಚಿನವರು ಅದನ್ನು ಓದುವುದೇ ಇಲ್ಲ. ಆ ಸಂಖ್ಯೆ ಹಿಡಿದು ನಗರದ ದಾಖಲೆ ನೋಡಿಕೊಳ್ಳುವ ಸಿಟಿ ಕ್ಲರ್ಕ್ ಬಳಿ ಅಂದಿನ ಸಭೆಯ ನಡಾವಳಿಯನ್ನೂ ಸಿಬ್ಬಂದಿಯ ವರದಿಯನ್ನೂ ಕೇಳಿ. ನಿಷೇಧ ಏಕೆ ಬಂತು ಎಂಬುದು ಅಲ್ಲಿರುತ್ತದೆ. ನಮಗೆ ಸಿಕ್ಕಿದ ವರದಿಯಲ್ಲಿ ಇತಿಹಾಸದ ಮಾತೂ ಇರಲಿಲ್ಲ, ಕಳ್ಳತನದ ಮಾತೂ ಇರಲಿಲ್ಲ. ಹೊಸದಾಗಿ ಹಾಕಿದ ಹುಲ್ಲುಹಾಸು ಹಾಳಾಗುತ್ತದೆ ಎಂಬ ಒಂದೇ ಕಾರಣವಿತ್ತು. ಯಾವುದಕ್ಕೆ ಉತ್ತರ ಕೊಡಬೇಕು ಎಂದು ಆ ಒಂದು ಹಾಳೆ ತೋರಿಸಿತು.

ದಾಖಲೆಗೆ ಅರ್ಜಿ

ನಮ್ಮಲ್ಲಿ ಮಾಹಿತಿ ಹಕ್ಕು ಇರುವ ಹಾಗೆ ಇಲ್ಲಿ ಪಬ್ಲಿಕ್ ರೆಕಾರ್ಡ್ಸ್ ಆ್ಯಕ್ಟ್ ಇದೆ. ಅರ್ಜಿ ತಲುಪಿದ 10 ದಿನದೊಳಗೆ ದಾಖಲೆ ಕೊಡುತ್ತೇವೋ ಇಲ್ಲವೋ ಎಂದು ನಗರ ತಿಳಿಸಬೇಕು. ವಿಶೇಷ ಕಾರಣವಿದ್ದರೆ ಇನ್ನೂ 14 ದಿನ ತೆಗೆದುಕೊಳ್ಳಬಹುದು. ‘ಮೆಟಲ್ ಡಿಟೆಕ್ಟಿಂಗ್‌ಗೆ ಸಂಬಂಧಿಸಿದ ಎಲ್ಲವೂ’ ಎಂದು ಕೇಳಿದರೆ ಅರ್ಥವಿಲ್ಲದ ಇ-ಮೇಲ್‌ಗಳ ರಾಶಿ ಬರುತ್ತದೆ, ಇಲ್ಲವೇ ಅರ್ಜಿ ಸ್ಪಷ್ಟವಿಲ್ಲ ಎಂದು ವಾಪಸ್ ಬರುತ್ತದೆ. ಅವಧಿ ಹಾಕಿ ಮೂರೇ ಸಂಗತಿ ಕೇಳಿ. ಕಳೆದ ಹತ್ತು ವರ್ಷಗಳಲ್ಲಿ ಡಿಟೆಕ್ಟರ್ ಬಗ್ಗೆ ಬಂದ ದೂರುಗಳು, ಡಿಟೆಕ್ಟರ್‌ನಿಂದ ಆಯಿತು ಎಂದು ಬರೆದಿರುವ ಹುಲ್ಲು ಮತ್ತು ನೀರಾವರಿ ದುರಸ್ತಿಯ ಬಿಲ್ಲುಗಳು, ಈ ಕಲಮಿನಡಿ ಕೊಟ್ಟ ದಂಡದ ಚೀಟಿಗಳು. ಪುರಾತತ್ವ ತಾಣಗಳ ನಕ್ಷೆಯನ್ನು ಮಾತ್ರ ಕೇಳಬೇಡಿ. ಅದು ಗೋಪ್ಯ ದಾಖಲೆ, ಕೊಡುವುದೂ ಇಲ್ಲ. ಕೇಳಿದವರ ಮೇಲೆ ಅನುಮಾನ ಬರುವುದೂ ಸಹಜ.

ಬಂದ ಉತ್ತರ ಹೇಗಿದ್ದರೂ ಉಪಯೋಗಕ್ಕೆ ಬರುತ್ತದೆ. ದಾಖಲೆ ಇಲ್ಲ ಎಂದರೆ ಆ ಪತ್ರವನ್ನೇ ಲಗತ್ತಿಸಿ. ದೂರುಗಳಿವೆ ಎಂದರೆ ಒಂದೊಂದನ್ನೂ ಓದಿ, ಅದು ಯಾವ ಷರತ್ತಿನಿಂದ ತಪ್ಪುತ್ತಿತ್ತು ಎಂದು ಪಕ್ಕದಲ್ಲಿ ಬರೆಯಿರಿ. ‘ದೂರೇ ಇಲ್ಲ, ಹಾಗಾಗಿ ನಿಷೇಧ ಅನ್ಯಾಯ’ ಎಂದು ಮಾತ್ರ ವಾದಿಸಬೇಡಿ. ನಿಷೇಧ ಇರುವುದರಿಂದಲೇ ದೂರಿಲ್ಲ ಎಂಬ ಉತ್ತರ ತಯಾರಾಗಿರುತ್ತದೆ.

ಗುಂಡಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಗೆದ್ದದ್ದೂ ಇಲ್ಲೇ, ಬೇರೆ ಊರಿನವರು ಸೋತದ್ದೂ ಇಲ್ಲೇ.

ನೀರು ಕುಡಿದ ಹುಲ್ಲಿನಲ್ಲಿ ಸರಿಯಾಗಿ ತೆಗೆದ ಹೆಂಟೆ ಬದುಕುತ್ತದೆ, ತಪ್ಪಾಗಿ ತೆಗೆದದ್ದು ಐದು ದಿನಕ್ಕೆ ಹಳದಿಯಾಗುತ್ತದೆ. ತೆಗೆಯುವ ಕ್ರಮ ಹೀಗೆ. ಕಾಯಿಲ್ ಬೀಸಿ ಸದ್ದು ಬಂದ ಜಾಗವನ್ನು ಅಡ್ಡಡ್ಡ ಎರಡು ದಿಕ್ಕಿನಿಂದ ನೋಡಿ ನಡುವನ್ನು ಗುರುತಿಸಿ. ಹುಲ್ಲಿನ ಮೇಲೆಯೇ ಪಿನ್‌ಪಾಯಿಂಟರ್ (ಹತ್ತಿರದ ಲೋಹ ತೋರಿಸುವ ಪುಟ್ಟ ಕೈ ಡಿಟೆಕ್ಟರ್) ಇಟ್ಟು ನೋಡಿ. ಅದು ಕೂಗಿದರೆ ವಸ್ತು ಎರಡು ಇಂಚಿನೊಳಗೇ ಇದೆ, ಕತ್ತರಿಸುವ ಅಗತ್ಯವೇ ಇಲ್ಲ. ಮೊಂಡು ಮೂತಿಯ ಸ್ಕ್ರೂಡ್ರೈವರನ್ನು ನಾಣ್ಯದ ಪಕ್ಕದಲ್ಲಿ ಇಳಿಸಿ, ಹುಲ್ಲನ್ನು ಸೀಳಿನಂತೆ ಅಗಲಿಸಿ, ಕೆಳಗಿನಿಂದ ಮೀಟಿ ಎತ್ತಿ. ಸೀಳನ್ನು ಎರಡೂ ಕಡೆಯಿಂದ ಹೆಬ್ಬೆರಳಿನಲ್ಲಿ ಒತ್ತಿದರೆ ಮುಚ್ಚಿಕೊಳ್ಳುತ್ತದೆ. ಪಾರ್ಕಿನ ಚಿಲ್ಲರೆಯಲ್ಲಿ ಬಹುಪಾಲು ಹೀಗೇ ಬರುತ್ತದೆ.

ಅದಕ್ಕಿಂತ ಆಳದಲ್ಲಿದ್ದರೆ ಕುದುರೆಲಾಳದ ಆಕಾರದಲ್ಲಿ ಕತ್ತರಿಸಬೇಕು. ಪಕ್ಕದಲ್ಲಿ ಎರಡಡಿ ಚೌಕದ ಬಟ್ಟೆ ಹಾಸಿ. ಅಗೆಯುವ ಚಾಕುವಿನ ಅಲಗನ್ನು ನೆಟ್ಟಗೆ ಇಳಿಸಿ, ಓರೆಯಾಗಿ ಅಲ್ಲ. ಓರೆ ಮಾಡಿದರೆ ಹೆಂಟೆ ಬುಗುರಿಯ ಹಾಗೆ ಕೆಳಗೆ ಚೂಪಾಗಿ ಬೇರೆಲ್ಲ ತುಂಡಾಗುತ್ತದೆ. ಮೂರು ಬದಿ ಕತ್ತರಿಸಿ ನಾಲ್ಕನೆಯದನ್ನು ಬಾಗಿಲಿನ ಕೀಲಿನಂತೆ ಬಿಡಿ. ಅಗಲ ನಾಲ್ಕು ಇಂಚು, ಆಳ ಕನಿಷ್ಠ ಮೂರು ಇಂಚು. ಹೊಸಬರು ಹುಲ್ಲಿಗೆ ಹಾನಿ ಕಡಿಮೆಯಾಗಲಿ ಎಂದು ಒಂದೂವರೆ ಇಂಚು ಆಳಕ್ಕೆ ಕತ್ತರಿಸುತ್ತಾರೆ, ಆದರೆ ಆಗುವುದು ಉಲ್ಟಾ. ಬೇರು ಮಣ್ಣು ಹಿಡಿದುಕೊಂಡಿರುವಷ್ಟು ದಪ್ಪ ಇರದಿದ್ದರೆ ಹೆಂಟೆ ಚಪಾತಿಯಂತೆ ಎದ್ದುಬರುತ್ತದೆ ಮತ್ತು ಒಣಗುತ್ತದೆ. ಕೀಲಿನ ಮೇಲೆ ಮಡಚಿ, ಸಡಿಲ ಮಣ್ಣನ್ನೆಲ್ಲ ಬಟ್ಟೆಯ ಮೇಲೆ ಹಾಕಿ, ವಸ್ತು ತೆಗೆದು, ಗುಂಡಿಯೊಳಗೆ ಇನ್ನೊಮ್ಮೆ ಪಿನ್‌ಪಾಯಿಂಟರ್ ಆಡಿಸಿ. ಎರಡನೆಯ ತುಂಡು ಉಳಿದಿದ್ದರೆ ನಾಳೆ ಇನ್ನೊಬ್ಬರು ಅದೇ ಜಾಗ ಅಗೆಯುತ್ತಾರೆ. ಬಟ್ಟೆ ಎತ್ತಿ ಮಣ್ಣನ್ನು ಕೊನೆಯ ಹರಳಿನವರೆಗೂ ಗುಂಡಿಗೆ ಸುರಿಯಿರಿ. ಹೆಂಟೆ ಮಡಚಿ ಅಂಗೈಯಲ್ಲಿ ಒತ್ತಿ, ಕಾಲಿನಲ್ಲಿ ತುಳಿದು ಸಮ ಮಾಡಿ, ಅರ್ಧ ಲೀಟರ್ ನೀರು ಹಾಕಿ. ಬೆರಳಿನಿಂದ ಹುಲ್ಲಿನ ಎಸಳುಗಳನ್ನು ಕೆದರಿ ಎಬ್ಬಿಸಿದರೆ ಕತ್ತರಿಸಿದ ಗೆರೆ ಕಾಣುವುದಿಲ್ಲ.

ಕೀಲು ಬಿಡದೆ ಪೂರ್ತಿ ಉರುಟಾಗಿ ಕಿತ್ತ ಹೆಂಟೆಯನ್ನು ಹಕ್ಕಿಗಳು ಹುಳಕ್ಕಾಗಿ ಎಳೆದು ಹಾಕುತ್ತವೆ, ಹುಲ್ಲಿನ ಯಂತ್ರದ ಗಾಳಿಗೂ ಎದ್ದುಬರುತ್ತದೆ. ಮಾಲಿಗಳು ದೂರುವುದು ಹೆಚ್ಚಾಗಿ ಇದನ್ನೇ.

ಹುಲ್ಲಿನ ಜಾತಿಯನ್ನೂ ಗುರುತಿಸಬೇಕು. ಬರ್ಮುಡಾ ಹುಲ್ಲು, ಕಿಕುಯು ಹುಲ್ಲು ನೆಲದ ಮೇಲೆ ಬಳ್ಳಿ ಓಡಿಸಿ ಗಾಯವನ್ನು ತಾವೇ ಮುಚ್ಚುತ್ತವೆ. ಬರ್ಮುಡಾ ಎಂದರೆ ನಮ್ಮ ಗರಿಕೆಯೇ, ಅದರ ಜೀವ ಎಷ್ಟು ಗಟ್ಟಿ ಎಂದು ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಟಾಲ್ ಫೆಸ್ಕ್ಯೂ ಹಾಗಲ್ಲ. ಅದು ಗುತ್ತಿಗುತ್ತಿಯಾಗಿ ಬೆಳೆಯುವ ಹುಲ್ಲು, ಒಂದು ಗುತ್ತಿ ಸತ್ತರೆ ಬೀಜ ಹಾಕುವವರೆಗೂ ಬೋಳು ಉಳಿಯುತ್ತದೆ. ಕ್ಯಾಲಿಫೋರ್ನಿಯಾದ ಒಣ ಬೇಸಿಗೆಯಲ್ಲಿ ನೀರು ಕಡಿಮೆ ಬಿಡುವ ಪಾರ್ಕುಗಳಲ್ಲಿ ಯಾವ ಹುಲ್ಲಿನ ಹೆಂಟೆಯಾದರೂ ಒಣಗಬಹುದು. ಆ ತಿಂಗಳುಗಳಲ್ಲಿ ಹೆಂಟೆ ಕತ್ತರಿಸಬಾರದು, ಸ್ಕ್ರೂಡ್ರೈವರ್ ವಿಧಾನ ಮಾತ್ರ ಎಂದು ನಾವೇ ಷರತ್ತು ಬರೆದೆವು.

ನೀರಾವರಿಯದು ಇನ್ನೊಂದು ಭಯ. ಸ್ಪ್ರಿಂಕ್ಲರ್‌ಗೆ ಹೋಗುವ ಪಿವಿಸಿ ಪೈಪುಗಳು ಸಾಮಾನ್ಯವಾಗಿ 8ರಿಂದ 12 ಇಂಚು ಆಳದಲ್ಲಿರುತ್ತವೆ. ಆದರೆ ಹಳೆಯ ಪಾರ್ಕುಗಳಲ್ಲಿ ಮಣ್ಣು ಕೊಚ್ಚಿಹೋಗಿ ಮೇಲೆ ಬಂದಿರಬಹುದು, ವಾಲ್ವಿನ ತಂತಿಗಳು ಅದಕ್ಕಿಂತಲೂ ಮೇಲಿರಬಹುದು. ಆ ತಂತಿ ತಾಮ್ರದ್ದಾದ್ದರಿಂದ ಡಿಟೆಕ್ಟರಿನಲ್ಲಿ ಒಳ್ಳೆಯ ನಾಣ್ಯದಂತೆ ಕೂಗುತ್ತದೆ. ನಾಣ್ಯದ ಸದ್ದು ಒಂದೇ ಬಿಂದುವಿನಲ್ಲಿರುತ್ತದೆ. ಸದ್ದು ಗೆರೆಯಂತೆ ಉದ್ದಕ್ಕೆ ಸಾಗಿದರೆ ಅದು ತಂತಿ, ಇಲ್ಲವೇ ಲೋಹದ ಪೈಪು. ಅಗೆಯದೆ ಮುಂದೆ ಹೋಗಿ. ಸ್ಪ್ರಿಂಕ್ಲರ್ ತಲೆಯಿಂದಲೂ ವಾಲ್ವ್ ಪೆಟ್ಟಿಗೆಯಿಂದಲೂ ಮೂರಡಿ ದೂರ ಎಂಬ ಷರತ್ತನ್ನು ಪಾರ್ಕಿನ ನೀರಾವರಿ ಸಿಬ್ಬಂದಿಯನ್ನೇ ಕೇಳಿ ಹಾಕಿದೆವು.

ಇವೆಲ್ಲ ಕಾಗದದಲ್ಲಿ ಬರೆದು ಕೊಟ್ಟಾಗ ಯಾರೂ ನಂಬಲಿಲ್ಲ. ನಂಬಿದ್ದು ನೋಡಿದ ಮೇಲೆ. ಇಲಾಖೆಯ ಲಿಖಿತ ಅನುಮತಿ ಪಡೆದು, ಅವರು ಆರಿಸಿದ ಪಾರ್ಕಿನಲ್ಲಿ, ಅವರ ನಿರ್ವಹಣಾ ಮೇಲ್ವಿಚಾರಕರ ಎದುರು ಹನ್ನೆರಡು ಹೆಂಟೆ ತೆಗೆದು ಮುಚ್ಚಿದೆವು. ಪ್ರತಿಯೊಂದರಿಂದ ಹತ್ತಿರದ ಎರಡು ಕಾಲುದಾರಿಯ ಅಂಚುಗಳಿಗೆ ಟೇಪಿನಲ್ಲಿ ಅಳತೆ ಬರೆದಿಟ್ಟೆವು, ಬಾವುಟ ನೆಡಲಿಲ್ಲ. ಏಳನೆಯ ದಿನವೂ ಇಪ್ಪತ್ತೊಂದನೆಯ ದಿನವೂ ಅದೇ ಅಳತೆಯಿಂದ ಜಾಗ ಹಿಡಿದು, ಒಂದಡಿಯ ಸ್ಕೇಲ್ ಇಟ್ಟು ಫೋಟೊ ತೆಗೆದೆವು. ಹನ್ನೆರಡರಲ್ಲಿ ಎರಡು ಒಣಗಿದ್ದವು, ಎರಡೂ ಬಿಸಿಲಿನ ಏರಿನಲ್ಲಿದ್ದ ಫೆಸ್ಕ್ಯೂ. ಆ ಎರಡನ್ನೂ ವರದಿಯಲ್ಲಿ ಮೊದಲ ಪುಟದಲ್ಲೇ ಹಾಕಿ, ಇಳಿಜಾರಿನ ಫೆಸ್ಕ್ಯೂ ಪ್ರದೇಶ ಬೇಡ ಎಂದು ನಾವೇ ಬಿಟ್ಟುಕೊಟ್ಟೆವು. ಒಣಗಿದ ಫೋಟೊ ಮುಚ್ಚಿಟ್ಟಿದ್ದರೆ ಮೇಲ್ವಿಚಾರಕರು ಸಭೆಯಲ್ಲಿ ಎದ್ದು ನಮ್ಮ ಪರ ಮಾತಾಡುತ್ತಿರಲಿಲ್ಲ.

ಕರಡನ್ನು ನೀವೇ ಬರೆಯಿರಿ

‘ನಿಷೇಧ ತೆಗೆಯಿರಿ’ ಎಂದು ಕೇಳಿದರೆ ಸಿಬ್ಬಂದಿಗೆ ಕೆಲಸ ಹೆಚ್ಚುತ್ತದೆ. ಹೊಸ ನಿಯಮ ಬರೆಯಬೇಕು, ವಕೀಲರಿಗೆ ತೋರಿಸಬೇಕು, ಬೇರೆ ಊರುಗಳಲ್ಲಿ ಏನಿದೆ ಎಂದು ನೋಡಬೇಕು. ಆ ಕೆಲಸ ಮುಗಿಸಿ ಕೊಟ್ಟರೆ ಹೌದು ಎನ್ನುವುದು ಸುಲಭ.

ಮಾದರಿಗೆ ಕೊರತೆಯಿಲ್ಲ. ಆರ್ಮಿ ಕೋರ್‌ನ 327.14 ಆಗಲೇ ಹೇಳಿದೆವು. ನ್ಯೂಯಾರ್ಕ್ ನಗರದ ಪಾರ್ಕ್ ಇಲಾಖೆ ಡಿಟೆಕ್ಟರ್‌ಗೆ ಪರವಾನಗಿ ಕೊಡುತ್ತದೆ. ವಾಷಿಂಗ್ಟನ್ ರಾಜ್ಯದ ಪಾರ್ಕ್ ನಿಯಮದ 352-32-235ನೇ ಕಲಮು ಉಪಕರಣದ ಅಳತೆಯವರೆಗೂ ಹೋಗುತ್ತದೆ. ಮೀಟುವ ಸಾಧನ ಎರಡು ಇಂಚಿಗಿಂತ ಅಗಲ ಇರಬಾರದು, ಮರಳಿನ ಜರಡಿಸೌಟು ಆರು ಇಂಚು ಅಗಲ, ಎಂಟು ಇಂಚು ಉದ್ದ ಮೀರಬಾರದು, ಅದೂ ಮರಳಿನಲ್ಲಿ ಮಾತ್ರ. ಇಂಥ ಅಳತೆ ಇದ್ದರೆ ಪಾರ್ಕ್ ಕಾವಲುಗಾರರು ವಾದವಿಲ್ಲದೆ ನೋಡಿ ಹೇಳಬಹುದು. ‘ಎಚ್ಚರಿಕೆಯಿಂದ ಅಗೆಯತಕ್ಕದ್ದು’ ಎಂಬ ಸಾಲಿನಿಂದ ಯಾರಿಗೂ ಉಪಯೋಗವಿಲ್ಲ.

ನಮ್ಮ ಕರಡಿನಲ್ಲಿ ಅತಿ ಮುಖ್ಯವಾದ ನಿರ್ಧಾರವೆಂದರೆ, ಎಲ್ಲಿ ಹುಡುಕಬಾರದು ಎಂಬ ಪಟ್ಟಿಯ ಬದಲು ಎಲ್ಲಿ ಹುಡುಕಬಹುದು ಎಂಬ ಪಟ್ಟಿ ಕೇಳಿದ್ದು. ಬೇ ಏರಿಯಾದ (ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪ್ರದೇಶ) ಸುತ್ತ ಒಹ್ಲೋನಿ ಎಂಬ ಮೂಲನಿವಾಸಿ ಜನರ ಚಿಪ್ಪುದಿಬ್ಬಗಳೂ ಸಮಾಧಿಗಳೂ ಇವೆ, ಎಷ್ಟೋ ಇಂದಿನ ರಸ್ತೆ, ಪಾರ್ಕುಗಳ ಕೆಳಗೇ ಇವೆ. ‘ಈ ಪಾರ್ಕಿನ ಉತ್ತರದ ಮೂಲೆ ನಿಷಿದ್ಧ’ ಎಂದು ಬರೆದ ಕ್ಷಣ ಕಳ್ಳರಿಗೆ ನಾವೇ ದಾರಿ ತೋರಿಸಿದಂತೆ. ನಗರ ತನ್ನ ಪುರಾತತ್ವ ತಜ್ಞರ ಮೂಲಕ ರಾಜ್ಯದ ಐತಿಹಾಸಿಕ ಸಂಪನ್ಮೂಲ ಮಾಹಿತಿ ಕೇಂದ್ರದಲ್ಲಿ ದಾಖಲೆ ನೋಡಿಸಬಹುದು. ನಮ್ಮ ಕಡೆಯದಕ್ಕೆ ಇರುವ ಕೇಂದ್ರ ಸೊನೋಮಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದೆ. ಮೂಲನಿವಾಸಿ ಪರಂಪರಾ ಆಯೋಗದ ಪವಿತ್ರ ಸ್ಥಳಗಳ ಕಡತವನ್ನೂ ವಿಚಾರಿಸಬಹುದು. ಅವರು ಏನು ಕಂಡರು ಎಂದು ನಮಗೆ ಹೇಳಬೇಕಾಗಿಲ್ಲ, ಕಾರಣ ಕೊಡದೆ ಪಟ್ಟಿಯಿಂದ ಯಾವ ಪಾರ್ಕನ್ನಾದರೂ ಬಿಡಬಹುದು ಎಂದು ಬರೆದೆವು. ಇದನ್ನು ಒಂದು ತಂತ್ರವೆಂದು ಓದಬೇಡಿ. ಬೇರೆಯವರ ಅಜ್ಜ-ಮುತ್ತಜ್ಜಂದಿರ ಗೋರಿ ಕೆದಕದಿರುವುದು ಈ ಹವ್ಯಾಸದ ಮೊದಲ ನಿಯಮ. ಮೂಳೆ ಕಂಡರೆ ಕೈ ತೆಗೆದು, ಇದ್ದ ಹಾಗೆ ಬಿಟ್ಟು, ಪೊಲೀಸರಿಗೆ ಫೋನ್ ಮಾಡಬೇಕು. ಕೌಂಟಿಯ ಕೊರೋನರ್ (ಸಾವಿನ ಕಾರಣ ವಿಚಾರಿಸುವ ಅಧಿಕಾರಿ) ಬಂದು ನೋಡುವವರೆಗೆ ಆ ಜಾಗದಲ್ಲಿ ಕೆಲಸ ನಿಲ್ಲಬೇಕು ಎಂದು ರಾಜ್ಯದ ಆರೋಗ್ಯ ಮತ್ತು ಸುರಕ್ಷಾ ಕೋಡಿನ 7050.5ನೇ ಕಲಮು ಹೇಳುತ್ತದೆ.

ಸಿಕ್ಕಿದ ವಸ್ತುವಿನ ಕಲಮು ಪ್ರತ್ಯೇಕವಾಗಿ ಬೇಕು. ಕ್ಯಾಲಿಫೋರ್ನಿಯಾದ ಸಿವಿಲ್ ಕೋಡ್ 2080ರಿಂದ ಮುಂದಿನ ಕಲಮುಗಳ ಪ್ರಕಾರ 100 ಡಾಲರ್ ಅಥವಾ ಹೆಚ್ಚು ಬೆಲೆಯ ಕಳೆದ ವಸ್ತು ಸಿಕ್ಕಿ, ಒಡೆಯರು ಗೊತ್ತಾಗದಿದ್ದರೆ, ಪೊಲೀಸರಿಗೆ ಅಫಿಡವಿಟ್ ಜೊತೆ ಒಪ್ಪಿಸಬೇಕು. ಒಡೆಯರಿಗೆ 90 ದಿನ ಅವಕಾಶ. 250 ಡಾಲರ್ ಅಥವಾ ಮೇಲ್ಪಟ್ಟದ್ದಾದರೆ ಪತ್ರಿಕೆಯಲ್ಲಿ ಪ್ರಕಟಣೆ ಆಗಬೇಕು, ಪ್ರಕಟಣೆಯಾಗಿ 7 ದಿನದಲ್ಲಿ ಯಾರೂ ಬಾರದಿದ್ದರೆ ಅದರ ಖರ್ಚು ಕೊಟ್ಟು ಸಿಕ್ಕಿದವರು ಪಡೆಯಬಹುದು. ಹೆಸರು ಕೆತ್ತಿದ ಉಂಗುರವನ್ನು ಒಡೆಯರನ್ನು ಹುಡುಕದೆ ಜೇಬಿಗೆ ಹಾಕಿಕೊಂಡರೆ ಪೀನಲ್ ಕೋಡ್ 485ರ ಪ್ರಕಾರ ಅದು ಕಳ್ಳತನವೇ. ಇವನ್ನು ಪರವಾನಗಿಯ ಹಿಂಬದಿಯಲ್ಲಿ ಅಚ್ಚು ಹಾಕಿಸಿ ಎಂದು ನಾವೇ ಕೇಳಿದೆವು.

ಶುಲ್ಕದ ಬಗ್ಗೆ ಚೌಕಾಸಿ ಮಾಡಬೇಡಿ. ಪರವಾನಗಿ ಕೊಡಲು ತಗಲುವ ಖರ್ಚಿಗಿಂತ ಹೆಚ್ಚು ಶುಲ್ಕ ಹಾಕುವುದು ನಗರಕ್ಕೂ ಕಷ್ಟ, ರಾಜ್ಯದ ಮತದಾರರು 2010ರಲ್ಲಿ ಒಪ್ಪಿದ 26ನೇ ಪ್ರಸ್ತಾವ ಅದನ್ನು ಕಟ್ಟಿಹಾಕಿದೆ. ಒಬ್ಬೊಬ್ಬರಿಗೂ ವಿಮೆ ಬೇಕು ಎಂದರೆ ಮಾತ್ರ ಪಟ್ಟು ಹಿಡಿಯಿರಿ. ಫ್ರಿಸ್ಬೀ ಆಡುವವರಿಂದ ಕೇಳದ ವಿಮೆಯನ್ನು ಹವ್ಯಾಸಿಯೊಬ್ಬರಿಂದ ಕೇಳಿದರೆ ಪರವಾನಗಿ ಕಾಗದದಲ್ಲೇ ಉಳಿಯುತ್ತದೆ. ಹಾನಿಗೆ ನಗರವನ್ನು ಹೊಣೆ ಮಾಡುವುದಿಲ್ಲ ಎಂಬ ಮುಚ್ಚಳಿಕೆಗೆ ಸಹಿ ಹಾಕುತ್ತೇವೆ ಎಂದೆವು, ಒಪ್ಪಿದರು.

ಸಭೆ

ಸ್ಥಳೀಯ ಸಂಸ್ಥೆಗಳ ಸಭೆ ಬಹಿರಂಗವಾಗಿ ನಡೆಯಬೇಕೆನ್ನುವ ಕ್ಯಾಲಿಫೋರ್ನಿಯಾದ 1953ರ ಬ್ರೌನ್ ಆ್ಯಕ್ಟ್ ಓದದೆ ಸಭೆಗೆ ಹೋಗಬೇಡಿ. ಮಾಮೂಲು ಸಭೆಯ ಕಾರ್ಯಸೂಚಿ 72 ಗಂಟೆ ಮೊದಲು ಹೊರಬೀಳಬೇಕು, ಸಾರ್ವಜನಿಕರಿಗೆ ಮಾತಾಡಲು ಅವಕಾಶ ಇರಲೇಬೇಕು. ಆದರೆ ಕಾರ್ಯಸೂಚಿಯಲ್ಲಿಲ್ಲದ ವಿಷಯದ ಮೇಲೆ ಅವರು ನಿರ್ಧಾರ ಮಾಡುವಂತಿಲ್ಲ. ಇದು ಗೊತ್ತಿಲ್ಲದ ಹವ್ಯಾಸಿಗಳು ಇಪ್ಪತ್ತು ಜನ ಒಟ್ಟಿಗೆ ಹೋಗಿ ಮಾತಾಡಿ, ಸದಸ್ಯರು ಒಂದೂ ಮಾತಾಡದೆ ‘ಧನ್ಯವಾದ, ಮುಂದಿನವರು’ ಎಂದಾಗ ಅವಮಾನವಾಯಿತೆಂದು ಸಿಟ್ಟಾಗಿ ಹೊರಬರುತ್ತಾರೆ. ಅವರು ಮಾತಾಡದಿರುವುದು ಕಾನೂನಿನ ಕಾರಣಕ್ಕೆ. ಮೊದಲ ಸಲ ಇಬ್ಬರೇ ಹೋಗಿ, ‘ಇದನ್ನು ಮುಂದಿನ ಕಾರ್ಯಸೂಚಿಗೆ ಸೇರಿಸಿ’ ಎಂದಷ್ಟೇ ಕೇಳಿ. ಜನ ಸೇರಬೇಕಾದದ್ದು ವಿಷಯ ಕಾರ್ಯಸೂಚಿಗೆ ಬಂದ ದಿನ.

ಮೊದಲು ಪಾರ್ಕ್ ಕಮಿಷನ್, ಆಮೇಲೆ ನಗರಸಭೆ. ಬೈಲಾದ ವಿಷಯದಲ್ಲಿ ಕಮಿಷನ್ನಿನದು ಸಲಹೆ ಮಾತ್ರ, ಆದರೆ ಅವರ ಶಿಫಾರಸಿಲ್ಲದ ವಿಷಯ ನಗರಸಭೆಯಲ್ಲಿ ನಿಲ್ಲುವುದಿಲ್ಲ. ಮಾತಿಗೆ ಎರಡೋ ಮೂರೋ ನಿಮಿಷ ಸಿಗುತ್ತದೆ. ಎಲ್ಲರೂ ಒಂದೇ ಮಾತು ಹೇಳಬೇಡಿ. ಒಬ್ಬರು ಹೆಂಟೆಯ ಫೋಟೊ, ಒಬ್ಬರು ಕರಡು, ಒಬ್ಬರು ಕಳೆದ ಉಂಗುರ ವಾಪಸ್ ಪಡೆದ ಸ್ಥಳೀಯರು, ಒಬ್ಬರು ಕಸ. ಕಸ ಎಂದರೆ ಪರವಾನಗಿ ಇದ್ದ ಪಕ್ಕದ ಊರಿನ ಪಾರ್ಕಿನಲ್ಲಿ ತೆಗೆದ ಮೊಳೆ, ಬ್ಲೇಡು, ಒಡೆದ ಡಬ್ಬಿಯ ಚೂರುಗಳನ್ನು ಪಾರದರ್ಶಕ ಡಬ್ಬದಲ್ಲಿ ತುಂಬಿಸಿ ತೂಕದ ಚೀಟಿ ಅಂಟಿಸಿ ಇಟ್ಟಿದ್ದೆವು. ಮಕ್ಕಳು ಬರಿಗಾಲಲ್ಲಿ ಓಡಾಡುವ ಹುಲ್ಲಿನಿಂದ ಬಂದದ್ದು ಎಂದು ಒಂದೇ ವಾಕ್ಯ ಹೇಳಿದ್ದು.

ಬೆಳ್ಳಿ ನಾಣ್ಯ, ಚಿನ್ನದ ಉಂಗುರದ ಬೆಲೆಯ ಮಾತು ಆ ಕೋಣೆಯಲ್ಲಿ ಎತ್ತಲೇಬೇಡಿ. ಸಾರ್ವಜನಿಕ ನೆಲದಿಂದ ಖಾಸಗಿ ಲಾಭ ಎಂಬ ಒಂದು ಮಾತಿಗೆ ಆರು ತಿಂಗಳ ಕೆಲಸ ಕುಸಿಯುತ್ತದೆ. ಬೇರೆ ರಾಜ್ಯದವರ ಸಹಿ ತುಂಬಿದ ಆನ್‌ಲೈನ್ ಮನವಿಯೂ ಅಷ್ಟೇ. ನಾವು ಅದನ್ನು ಕೊಟ್ಟೆವು. ಇವರಲ್ಲಿ ನಮ್ಮ ಊರಿನವರು ಎಷ್ಟು ಎಂದು ಕೇಳಿದರು, ಉತ್ತರ ಇರಲಿಲ್ಲ. ಊರಿನ ವಿಳಾಸವಿರುವ ನಲವತ್ತು ಸಹಿ ಅದಕ್ಕಿಂತ ಹೆಚ್ಚು ತೂಗುತ್ತದೆ.

ಸದಸ್ಯರನ್ನು ಒಬ್ಬೊಬ್ಬರಾಗಿ ಮೊದಲೇ ಭೇಟಿಯಾಗಬಹುದು, ಭೇಟಿಯಾಗಲೇಬೇಕು. ಆದರೆ ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ತಲುಪಿಸಬೇಡಿ. ‘ಅವರು ಒಪ್ಪಿದ್ದಾರೆ, ನೀವೂ ಒಪ್ಪಿ’ ಎಂದು ಬಹುಮತದವರೆಗೆ ಮಾತು ಹೊತ್ತು ತಿರುಗಿದರೆ, ಬಾಗಿಲ ಹಿಂದೆ ಸರಣಿ ಸಭೆ ನಡೆದಂತೆ ಬ್ರೌನ್ ಆ್ಯಕ್ಟ್ ನೋಡುತ್ತದೆ. ನಿರ್ಧಾರವೇ ಬಿದ್ದುಹೋಗಬಹುದು.

ಕೋರ್ಟಿನ ಮಾತು ಎರಡೇ ಸಾಲಿನಲ್ಲಿ ಮುಗಿಯುತ್ತದೆ. ಪಾರ್ಕಿನಲ್ಲಿ ಡಿಟೆಕ್ಟರ್ ಬಳಸುವುದು ಸಂವಿಧಾನ ಕಾಯುವ ಮೂಲಭೂತ ಹಕ್ಕಲ್ಲ. ನಿಷೇಧಕ್ಕೆ ಏನಾದರೂ ಒಂದು ತರ್ಕಬದ್ಧ ಕಾರಣ ಇದ್ದರೆ ಸಾಕು, ಹುಲ್ಲು ಹಾಳಾಗುತ್ತದೆ ಎನ್ನುವುದು ಅಂಥ ಕಾರಣವೇ.

ಬೈಲಾ ತಿದ್ದುವ ವಾಕ್ಯವನ್ನು ಚಿಕ್ಕದಾಗಿಡಿ. ‘ನಗರಸಭೆ ಠರಾವಿನ ಮೂಲಕ ಒಪ್ಪಿದ ಪರವಾನಗಿ ನಿಯಮಗಳ ಪ್ರಕಾರ ಹೊರತು’ ಎಂಬಷ್ಟೇ ಬೈಲಾದಲ್ಲಿ ಸೇರಲಿ. ಇಂಚು, ಅಡಿ, ಪಾರ್ಕುಗಳ ಪಟ್ಟಿ ಎಲ್ಲ ಠರಾವಿನಲ್ಲಿರಲಿ. ರಾಜ್ಯದ ಸಾಮಾನ್ಯ ಕಾನೂನಿನಡಿ ನಡೆಯುವ ನಗರಗಳಲ್ಲಿ ಬೈಲಾಕ್ಕೆ ಎರಡು ಓದು (ಎರಡು ಸಭೆಗಳಲ್ಲಿ ಮಂಡನೆ) ಬೇಕು, ನಡುವೆ ಕನಿಷ್ಠ 5 ದಿನ ಅಂತರ ಬೇಕು, ಜಾರಿಗೆ ಬರಲು ಮತ್ತೆ 30 ದಿನ. ಸ್ವಂತ ಚಾರ್ಟರ್ (ನಗರದ ಮೂಲ ಆಡಳಿತ ಸನದು) ಇರುವ ನಗರಗಳಲ್ಲಿ ಕ್ರಮ ಬೇರೆ ಇರಬಹುದು. ಠರಾವಿಗೆ ಒಂದೇ ಸಭೆ ಸಾಕು. ಮುಂದಿನ ವರ್ಷ ಒಂದು ಪಾರ್ಕು ಸೇರಿಸಲು ಎಲ್ಲವನ್ನೂ ಮೊದಲಿನಿಂದ ಶುರು ಮಾಡುವ ಪಾಡು ತಪ್ಪುತ್ತದೆ.

ಎರಡನೆಯ ಓದು ಮುಗಿದ ರಾತ್ರಿಯೇ ಯಂತ್ರ ಎತ್ತಿಕೊಂಡು ಹೋಗಬೇಡಿ. 30 ದಿನ ಮುಗಿಯುವವರೆಗೆ ಹಳೆಯ ನಿಷೇಧವೇ ಜಾರಿಯಲ್ಲಿರುತ್ತದೆ. ಆ ತಿಂಗಳಲ್ಲಿ ಹೊಸ ಪರವಾನಗಿದಾರರನ್ನು ಯಾರದಾದರೂ ಹಿತ್ತಲಿನಲ್ಲಿ ಸೇರಿಸಿ ಹೆಂಟೆ ಕತ್ತರಿಸುವುದನ್ನು ಕಲಿಸಿ. ಹತ್ತು ನಾಣ್ಯ ಹೂತು, ಒಬ್ಬೊಬ್ಬರೂ ತೆಗೆದು ಮುಚ್ಚಿದ ಮೇಲೆ ಇನ್ನೊಬ್ಬರು ಬಂದು ಜಾಗ ಹುಡುಕಲಿ. ಸುಲಭವಾಗಿ ಸಿಕ್ಕಿತೆಂದರೆ ಇನ್ನೂ ಕೈ ಪಳಗಿಲ್ಲ, ಪಾರ್ಕಿಗೆ ಕಳಿಸಬೇಡಿ. ಮೊದಲ ದಿನ ಹೋಗುವಾಗ ಜೊತೆಗಿರಬೇಕಾದದ್ದು ಪರವಾನಗಿ, ಕಲಮಿನ ಒಂದು ಪ್ರತಿ, ಮಣ್ಣಿನ ಬಟ್ಟೆ, ಕಸಕ್ಕೆ ಎರಡು ಜೇಬಿನ ಚೀಲ ಮತ್ತು ಎರಡು ಲೀಟರ್ ನೀರು. ನಾಲ್ಕು ಹೆಂಟೆಗೆ ಅಷ್ಟು ನೀರು ಸಾಕು. ನೀರು ಮುಗಿದರೆ ಆ ದಿನದ ಕತ್ತರಿಸುವ ಕೆಲಸವೂ ಮುಗಿಯಿತು, ಉಳಿದದ್ದು ಸ್ಕ್ರೂಡ್ರೈವರಿಗೆ.